ಮೊದಲು ಪೆಟ್ಟಿಗೆಯ ಜಾಗ, ಆಮೇಲೆ ಪೆಟ್ಟಿಗೆ

ಎರಡು ಸ್ಪೀಕರುಗಳಿರುವ ಸೆಟ್ಟಿನಲ್ಲಿ ಈ ಮಾತು ಕೇಳುತ್ತಿರುವವರು ಈಗಲೇ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಬಹುದು. ಎರಡಕ್ಕೂ ಸಮದೂರದಲ್ಲಿ, ನಡುವೆ ಕೂತುಕೊಳ್ಳಿ. ನಾನು ಒಬ್ಬನೇ, ಒಂದೇ ಮೈಕಿನ ಮುಂದೆ ಮಾತಾಡುತ್ತಿದ್ದೇನೆ. ಹಾಗಾಗಿ ಎರಡೂ ಸ್ಪೀಕರಿಗೆ ಬರುತ್ತಿರುವುದು ಒಂದೇ ದನಿ. ಎಲ್ಲ ಸರಿಯಿದ್ದರೆ ಈ ದನಿ ಎಡಗಡೆಯಿಂದಲೂ ಬರಬಾರದು, ಬಲಗಡೆಯಿಂದಲೂ ಬರಬಾರದು. ಎರಡರ ನಟ್ಟನಡುವೆ, ಬರೀ ಗಾಳಿಯಿರುವ ಕಡೆಯಿಂದ ಬಂದಂತೆ ಕೇಳಬೇಕು. ಹಾಗೆ ಕೇಳದೆ ದನಿ ಕೋಣೆಯ ತುಂಬ ಹರಡಿಕೊಂಡು, ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಲಾಗದಂತಿದ್ದರೆ, ಜೊತೆಗೆ ದನಿಯ ತೂಕವೂ ಹೋಗಿ ತೆಳ್ಳಗಾಗಿದ್ದರೆ, ಒಂದು ಸ್ಪೀಕರಿನ ತಂತಿ ತಿರುವುಮುರುವಾಗಿದೆ ಎಂದು ತಿಳಿಯಿರಿ. ಒಂದರ ದನಿ ಹೊರಡಿಸುವ ಹಾಳೆ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿಯುತ್ತಿದೆ. ಒಂದು ಒತ್ತಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿದೆ. ತಗ್ಗಿನ ಸ್ವರಗಳು ಅಲ್ಲಿಗೇ ಮುಗಿದುಹೋಗುತ್ತವೆ. ಸೆಟ್ಟನ್ನು ಆರಿಸಿ, ಒಂದೇ ಒಂದು ಸ್ಪೀಕರಿನ ಕೆಂಪು ಮತ್ತು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ. ಎರಡರದ್ದೂ ಬದಲಿಸಿದರೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೀರಿ.

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ. ಕಡಿಮೆ ದುಡ್ಡಿನಲ್ಲಿ ಮನೆಯ ಹಾಡಿನ ಸೆಟ್ಟನ್ನು ಉತ್ತಮಪಡಿಸಿಕೊಳ್ಳಲು ಹೊರಟ ಎಳೆಯರಿಗೆ ನಾವು ಹಿರಿಯರು ಮಾಡಬಹುದಾದ ದೊಡ್ಡ ಸಹಾಯವೆಂದರೆ, ಅವರ ದುಡ್ಡು ಕೈಬಿಡುವ ಮೊದಲು ಅವರ ಕಿವಿ ತೆರೆಸುವುದು. ಅನುಕ್ರಮ ಸರಿಯಾಗಿರಬೇಕು. ಮೊದಲು ಜಾಗ, ಆಮೇಲೆ ಸ್ಪೀಕರ್, ಅದಾದ ಮೇಲೆ ಆಂಪ್ಲಿಫೈಯರ್. ಉಳಿದದ್ದು ಉಳಿದ ಚಿಲ್ಲರೆಯಲ್ಲಿ. ಅಂಗಡಿಗೆ ಹೋದ ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಇದಕ್ಕೆ ಪೂರ್ತಿ ಉಲ್ಟಾ ಇರುತ್ತದೆ.

ನಮ್ಮ ಬೀದಿಯಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ಮೈಸೂರಿನಲ್ಲೇ ಬಿ.ಎಸ್‌ಸಿ. ಓದುತ್ತಿದ್ದಾಳೆ, ಸಂಜೆ ಹೊತ್ತು ಚಿಕ್ಕ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಅದರಲ್ಲಿ ಕೂಡಿಟ್ಟ ಹದಿನೈದು ಸಾವಿರ ರೂಪಾಯಿ ಹಿಡಿದುಕೊಂಡು ಬಂದು, "ಅಂಕಲ್, ಮೊದಲು ದೊಡ್ಡ ಆಂಪ್ಲಿಫೈಯರ್ ತಗೊಳ್ಳಲಾ?" ಎಂದು ಕೇಳಿದಳು. ನಾನು ಕೇಳಿದ್ದು, ನೀನು ಏನು ಕೇಳುತ್ತೀಯ ಎಂದು. 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳು, ಹಂಸಲೇಖರ 'ಪ್ರೇಮಲೋಕ', ಜೊತೆಗೆ ಮನೆಯಲ್ಲಿ ಅಜ್ಜಿಗೆ ಬೇಕಾದ ದೊರೆಸ್ವಾಮಿ ಅಯ್ಯಂಗಾರರ ವೀಣೆ ಮತ್ತು ಮಲ್ಲಿಕಾರ್ಜುನ ಮನ್ಸೂರರ ಗಾಯನ. ಒಳ್ಳೆಯ ಪಟ್ಟಿ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸೆಟ್ಟು ಅವಳ ಹಾಡುಗಳಿಗೆ ಒಗ್ಗಬೇಕೇ ಹೊರತು ನನ್ನ ಹಾಡುಗಳಿಗಲ್ಲ. ಸಹಾಯ ಮಾಡಲು ಹೋದವರು ತಮ್ಮ ರುಚಿಯನ್ನು ಎಳೆಯರ ತಲೆಗೆ ಕಟ್ಟುವುದನ್ನು ನಾನು ಬಹಳ ನೋಡಿದ್ದೇನೆ. ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಅವಳ ಮನೆಗೆ ಹೋಗಿ ಸೆಟ್ಟು ನೋಡಿದೆ. ಕಂಪ್ಯೂಟರ್ ಜೊತೆ ಮಾರುವ ಟೂ ಪಾಯಿಂಟ್ ಒನ್ ಸೆಟ್ಟು: ಒಂದು ಮರದ ಪೆಟ್ಟಿಗೆ, ಎರಡು ಪುಟ್ಟ ಸ್ಪೀಕರುಗಳು. ಅದು ಬಂದ ರಟ್ಟಿನ ಡಬ್ಬವನ್ನು ಅವಳು ಜೋಪಾನವಾಗಿ ಎತ್ತಿಟ್ಟಿದ್ದಳು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 2,500 ವ್ಯಾಟ್ ಪಿ.ಎಂ.ಪಿ.ಓ. ಎಂದಿತ್ತು. ಗೋಡೆಯ ಪ್ಲಗ್ಗಿನಲ್ಲಿದ್ದ ಅಡಾಪ್ಟರನ್ನು ಕಿತ್ತು ಅದರ ಮೇಲಿನ ಸಣ್ಣ ಅಕ್ಷರ ಓದು ಎಂದೆ. 12 ವೋಲ್ಟ್, 2 ಆಂಪಿಯರ್. ಗುಣಿಸು ಎಂದೆ. ಗಣಿತ ಹೇಳಿಕೊಡುವ ಹುಡುಗಿ, ತಕ್ಷಣ 24 ಎಂದಳು. ಸೆಟ್ಟಿನ ಒಳಗೆ ಹೋಗುವುದೇ 24 ವ್ಯಾಟ್. ಅದರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಮಿಕ್ಕದ್ದನ್ನು ಮೂರು ಸ್ಪೀಕರುಗಳು ಹಂಚಿಕೊಳ್ಳಬೇಕು. ಸತತವಾಗಿ ಹೊರಗೆ ಬರಬಹುದಾದ ಶಕ್ತಿ ಒಳಗೆ ಹೋದದ್ದಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲ. ಪಿ.ಎಂ.ಪಿ.ಓ. ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆ ಎಂಬುದೇ ಇಲ್ಲ; ಯಾವ ಅಂಕೆ ಬೇಕಾದರೂ ಬರೆಯಬಹುದು, ಬರೆಯುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಅದನ್ನೂ ಎಷ್ಟು ಓಮಿನ ಸ್ಪೀಕರಿಗೆ, ಎಷ್ಟು ವಿಕೃತಿಯಲ್ಲಿ, ಅಂದರೆ ಡಿಸ್ಟಾರ್ಷನ್‌ನಲ್ಲಿ, ಅಳೆದದ್ದು ಎಂದು ಕೇಳಿ ತಿಳಿದುಕೊಳ್ಳಬೇಕು. ಶೇಕಡ 10ರಷ್ಟು ವಿಕೃತಿಯಲ್ಲಿ ಅಳೆದ ವ್ಯಾಟನ್ನು ಯಾವ ಕಿವಿಯೂ ಹಾಡೆಂದು ಒಪ್ಪುವುದಿಲ್ಲ.

ವ್ಯಾಟಿನ ಭ್ರಮೆ ಇನ್ನೂ ಸ್ವಲ್ಪ ಬಿಡಿಸಬೇಕು, ಯಾಕೆಂದರೆ ಎಳೆಯರ ದುಡ್ಡು ಹೆಚ್ಚಾಗಿ ಹಾಳಾಗುವುದು ಇಲ್ಲಿಯೇ. ದನಿಯ ಏರಿಳಿತವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ವ್ಯಾಟು ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಅದು 'ಹೌದು, ಸ್ವಲ್ಪ ಜಾಸ್ತಿಯಾಯಿತು' ಎನ್ನುವಷ್ಟು. ದನಿ ಎರಡರಷ್ಟು ದೊಡ್ಡದಾಯಿತು ಎಂದು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಇಪ್ಪತ್ತು ವ್ಯಾಟಿನದು ಬಿಟ್ಟು ನಲವತ್ತರದು ಕೊಂಡರೆ ಬೆಲೆ ಏರಿದಷ್ಟು ದನಿ ಏರುವುದಿಲ್ಲ. ಆದರೆ ಸ್ಪೀಕರಿನ ಹಿಂದೆ ಇನ್ನೊಂದು ಅಂಕೆ ಇರುತ್ತದೆ. ಅದನ್ನು ಹೆಚ್ಚು ಜನ ನೋಡುವುದೇ ಇಲ್ಲ. ಅದು ಸಂವೇದನೆ, ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆ ಎಂಬುದು. 84 ಇರುವ ಸ್ಪೀಕರನ್ನು ಬಿಟ್ಟು 87 ಇರುವುದನ್ನು ಆರಿಸಿದರೆ ಆಂಪ್ಲಿಫೈಯರಿನ ಶಕ್ತಿಯನ್ನು ದುಪ್ಪಟ್ಟು ಮಾಡಿದಷ್ಟೇ ಲಾಭ, ಆಂಪ್ಲಿಫೈಯರಿಗೆ ಒಂದು ರೂಪಾಯಿ ಹೆಚ್ಚು ಹಾಕದೆ.

ಅವಳ ಕೋಣೆ ಹತ್ತಡಿಗೆ ಹನ್ನೆರಡಡಿ. 86 ಡೆಸಿಬೆಲ್‌ನ ಎರಡು ಸ್ಪೀಕರುಗಳಿಗೆ ತಲಾ ಒಂದು ವ್ಯಾಟ್ ಕೊಟ್ಟರೆ ಎರಡು ಮೀಟರ್ ದೂರದಲ್ಲಿ ಕೂತವಳಿಗೆ 80 ಡೆಸಿಬೆಲ್ ದಾಟಿಯೇ ಕೇಳುತ್ತದೆ. ಅಷ್ಟಕ್ಕೇ ಅಡುಗೆಮನೆಯಿಂದ ಅಮ್ಮ ದನಿ ತಗ್ಗಿಸು ಎಂದು ಕೂಗುತ್ತಾರೆ. ಒಂದೇ ಒಂದು ವ್ಯಾಟಿಗೆ! ಮೃದಂಗದ ಒಂದು ಗಟ್ಟಿ ಪೆಟ್ಟು, ಡ್ರಮ್ಮಿನ ಒಂದು ಹೊಡೆತ ಬಂದಾಗ ಕ್ಷಣಕಾಲ ಇದರ ಹತ್ತಿಪ್ಪತ್ತು ಪಟ್ಟು ಶಕ್ತಿ ಬೇಕಾಗುತ್ತದೆ, ನಿಜ. ಹಾಗಾಗಿ ಪ್ರಾಮಾಣಿಕವಾದ ಇಪ್ಪತ್ತೋ ಮೂವತ್ತೋ ವ್ಯಾಟು ಈ ಕೋಣೆಗೆ ಧಾರಾಳವಾಯಿತು.

ಸರಿ, ಕೊಳ್ಳುವ ಮಾತು ಆಮೇಲೆ. ಮೊದಲು ಇರುವ ಸೆಟ್ಟಿನಲ್ಲೇ ಮನ್ಸೂರರನ್ನು ಹಾಕು ಎಂದೆ. ಹಾಕಿದಳು. ಗಾಯನದ ಮೇಲ್ಭಾಗ ಕಿಟಕಿಯ ಕಡೆಯಿಂದ, ಕೆಳಭಾಗ ಮಂಚದ ಅಡಿಯಿಂದ ಬರುತ್ತಿತ್ತು. ಒಬ್ಬ ಮನುಷ್ಯನ ಕಂಠ ಎರಡು ಹೋಳಾಗಿತ್ತು. ಕಾರಣ ಸರಳ. ಪುಟ್ಟ ಸ್ಪೀಕರುಗಳಿಗೆ ಎರಡು ಮೂರು ಅಂಗುಲದ ಹಾಳೆ. ಅವಕ್ಕೆ 200 ಹರ್ಟ್ಜ್‌ಗಿಂತ ಕೆಳಗೆ ಇಳಿಯುವ ತ್ರಾಣವಿಲ್ಲ. ಆ ಭಾಗವನ್ನೆಲ್ಲ ಮಂಚದ ಕೆಳಗಿನ ಪೆಟ್ಟಿಗೆಯೇ ಹೊರಬೇಕು. ಗಂಡಸಿನ ಹಾಡುಗಾರಿಕೆಯಲ್ಲಿ ಆಧಾರ ಷಡ್ಜ ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿದ್ದರೆ ಅದು ಸುಮಾರು 138 ಹರ್ಟ್ಜ್. ಅದರ ಜೊತೆ ಮಿಡಿಯುವ ತಂಬೂರಿಯ ಖರ್ಜದ ತಂತಿ ಇನ್ನೂ ಒಂದು ಸ್ಥಾಯಿ ಕೆಳಗೆ, 69ರ ಹತ್ತಿರ. ಕಂಠದ ಬುನಾದಿ ಇರುವುದು ಸರಿಯಾಗಿ ಆ ಎರಡು ಪೆಟ್ಟಿಗೆಗಳ ನಡುವಿನ ಬಿರುಕಿನಲ್ಲಿ. ಸಿನಿಮಾದ ಸಿಡಿತ, ಆಟದ ಗುಂಡಿನ ಸದ್ದಿಗೆ ಈ ಬಿರುಕು ಕಾಣಿಸುವುದಿಲ್ಲ. ಹಾಡಿಗೆ ಕೂತಾಗ ಕಾಣಿಸುತ್ತದೆ.

ಆದರೂ ಆ ದಿನ ಏನನ್ನೂ ಕೊಳ್ಳಲು ನಾನು ಬಿಡಲಿಲ್ಲ. ಒಂದು ಸ್ಪೀಕರ್ ಕಿಟಕಿಯ ಕಟ್ಟೆಯ ಮೇಲೆ, ಇನ್ನೊಂದು ಪುಸ್ತಕದ ಕಪಾಟಿನ ತುದಿಯಲ್ಲಿ ಇದ್ದವು. ಎರಡನ್ನೂ ಇಳಿಸಿ, ಒಂದೇ ಎತ್ತರದ ಎರಡು ಸ್ಟೂಲುಗಳ ಮೇಲೆ ಇಟ್ಟೆವು. ಸ್ಪೀಕರಿಂದ ಸ್ಪೀಕರಿಗೆ ಎಷ್ಟು ದೂರವೋ ಪ್ರತಿ ಸ್ಪೀಕರಿನಿಂದ ಅವಳು ಕೂರುವ ಜಾಗಕ್ಕೂ ಅಷ್ಟೇ ದೂರ, ಮೂರೂ ಬಾಹು ಸಮನಾದ ತ್ರಿಕೋನ. ಎರಡರ ಮುಖವನ್ನೂ ಸ್ವಲ್ಪ ಒಳಕ್ಕೆ, ಅವಳ ಕಡೆಗೆ ತಿರುಗಿಸಿದೆವು. ದೊಡ್ಡ ಪೆಟ್ಟಿಗೆಯನ್ನು ಮಂಚದ ಅಡಿಯ ಮೂಲೆಯಿಂದ ಎಳೆದು ಎರಡೂ ಸ್ಪೀಕರುಗಳ ನಡುವೆ ತಂದೆವು.

ಮೂಲೆಯ ವಿಷಯ ಸ್ವಲ್ಪ ಹೇಳಬೇಕು. ತಗ್ಗಿನ ಸ್ವರಗಳು ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಹರಡುತ್ತವೆ. ಗೋಡೆ ಹತ್ತಿರವಿದ್ದರೆ ಹಿಂದಕ್ಕೆ ಹೋದದ್ದೂ ತಿರುಗಿ ಮುಂದಕ್ಕೇ ಬರುತ್ತದೆ. ಎರಡು ಗೋಡೆ, ನೆಲ, ಮೂರೂ ಸೇರುವ ಮೂಲೆಯಲ್ಲಿ ಬಾಸ್ ಅತಿಯಾಗಿ ಉಬ್ಬುತ್ತದೆ. ಮೊದಲ ದಿನ ಅದು ಖುಷಿ ಕೊಡುತ್ತದೆ. ಸ್ವಲ್ಪ ದಿನದಲ್ಲೇ ಎಲ್ಲ ಹಾಡಿನ ಬಾಸೂ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಿದೆ ಎಂದು ಗೊತ್ತಾಗಿ ಬೇಸರ ಬರುತ್ತದೆ. ಗೋಡೆಯಿಂದ ಒಂದಡಿ, ಸಾಧ್ಯವಾದರೆ ಒಂದೂವರೆ ಅಡಿ ಮುಂದೆ ತನ್ನಿ. ಪೆಟ್ಟಿಗೆಯ ಹಿಂದೆ ಗಾಳಿಯ ತೂತು ಇದ್ದರಂತೂ ಅದಕ್ಕೆ ಉಸಿರಾಡುವ ಜಾಗ ಬೇಕೇ ಬೇಕು.

ಪ್ರತಿ ಕೋಣೆಗೂ ತನ್ನದೇ ಸ್ವರಗಳಿವೆ ಎಂದರೆ ಆ ಹುಡುಗಿ ನಂಬಲಿಲ್ಲ. ಲೆಕ್ಕ ಹಾಕಿ ತೋರಿಸಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹನ್ನೆರಡಡಿ ಅಂದರೆ 3.66 ಮೀಟರ್. ಎದುರುಬದುರು ಗೋಡೆಗಳ ನಡುವೆ ಅಲೆಯ ಅರ್ಧ ಭಾಗ ಸರಿಯಾಗಿ ಕೂರುವುದು ಸುಮಾರು 47 ಹರ್ಟ್ಜ್‌ನಲ್ಲಿ. ಹತ್ತಡಿಯ ಅಗಲಕ್ಕೆ 56. ಈ ಸ್ವರಗಳನ್ನು ಕೋಣೆ ಎತ್ತಿ ಹಿಡಿಯುತ್ತದೆ. ಗೋಡೆಯ ಬಳಿ ಅವು ದಪ್ಪವಾಗಿ, ನಡುಕೋಣೆಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತೆ ಕೇಳುತ್ತವೆ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್‌ನಿಂದ ಶುರುವಾಗುವುದರಿಂದ ಅದರ ಕೆಳಗಿನ ಸ್ವರಗಳು ಈ ಬಲೆಗೆ ಬೀಳುತ್ತವೆ. 'ಗೀತಾ'ದ ಹಾಡು ಹಾಕಿ, ಇಲ್ಲಿಂದ ಅಲ್ಲಿಗೆ ಮೆಲ್ಲಗೆ ನಡೆ ಎಂದೆ. ಗೋಡೆಗೆ ಬೆನ್ನು ತಾಗಿಸಿ ನಿಂತಾಗ ಗಿಟಾರು ಎದೆಗೆ ತಾಗುವಷ್ಟು ಹತ್ತಿರ ಬಂತು. ಮೂರು ಹೆಜ್ಜೆ ಮುಂದೆ ಬಂದದ್ದೇ ಅದೇ ಗಿಟಾರು ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು. ಅವಳ ಮುಖ ನೋಡಬೇಕಿತ್ತು! ಮತ್ತೆ ಹಿಂದೆ ಹೋದಳು, ಮುಂದೆ ಬಂದಳು. ಕೊನೆಗೆ ಗೋಡೆಗೂ ಅಂಟದೆ ನಡುವಿಗೂ ಬಾರದೆ, ಹಿಂದಿನ ಗೋಡೆಯಿಂದ ಸುಮಾರು ಮೂರೂವರೆ ಅಡಿ ಮುಂದೆ ತನ್ನ ಜಾಗ ತಾನೇ ಕಂಡುಕೊಂಡಳು. ನಾನು ಹೇಳಿಕೊಟ್ಟಿದ್ದರೆ ಅದು ನನ್ನ ಜಾಗವಾಗುತ್ತಿತ್ತು.

ಇನ್ನೊಂದು ಪರೀಕ್ಷೆ, ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟುವುದು. ನಮ್ಮ ಈಗಿನ ಮನೆಗಳಲ್ಲಿ ಸಿಮೆಂಟಿನ ಬೋಳು ಗೋಡೆ, ಹೊಳೆಯುವ ಟೈಲ್ಸ್ ನೆಲ. ಚಪ್ಪಾಳೆಯ ಬೆನ್ನಿಗೇ ಠ್ರ್‌ರ್ ಎಂದು ಒಂದು ಸಣ್ಣ ಮರುದನಿ ಎರಡು ಗೋಡೆಗಳ ನಡುವೆ ಓಡಾಡುವುದು ಕೇಳುತ್ತದೆ. ಹಾಡಿನ ಪ್ರತಿ ಅಕ್ಷರದ ಮೇಲೂ ಆ ಮರುದನಿ ಬಂದು ಕೂರುತ್ತದೆ. ವೀಣೆಯ ಮೀಟು ಮಸುಕಾಗುವುದೂ, ಹಾಡಿನ ಸಾಹಿತ್ಯ ತಿಳಿಯದೆ ಹೋಗುವುದೂ ಎಷ್ಟೋ ಸಲ ಇದರಿಂದಲೇ, ಸೆಟ್ಟಿನಿಂದಲ್ಲ. ಮದ್ದು ಮನೆಯಲ್ಲೇ ಇದೆ. ಸ್ಪೀಕರಿಗೂ ನಿಮಗೂ ನಡುವೆ ನೆಲಕ್ಕೊಂದು ದಪ್ಪ ಜಮಖಾನೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ಮಂದವಾದ ಪರದೆ. ನವಲಗುಂದದ ಜಮಖಾನೆ ಇದ್ದವರು ಪುಣ್ಯವಂತರು. ಇಲ್ಲದಿದ್ದರೆ ಎರಡು ಮಡಿಕೆಯ ಕಂಬಳಿಯೂ ಸಾಕು. ಅವಳ ಮನೆಯಲ್ಲಿ ಹಾಸಿಗೆಯನ್ನೇ ಎದುರು ಗೋಡೆಯ ಕಡೆಗೆ ಸರಿಸಿದೆವು. ಮತ್ತೆ ಮನ್ಸೂರರನ್ನು ಹಾಕಿದಾಗ ಕಂಠ ನಡುವಿಗೆ ಬಂದಿತ್ತು. ತೆಳುವೇ, ಆದರೆ ಒಂದೇ ಕಡೆ, ಒಬ್ಬರೇ ಹಾಡುತ್ತಿದ್ದರು.

ಅಲ್ಲಿಗೆ ನಿಲ್ಲಿಸಿ ಎರಡು ವಾರ ಹಾಗೆಯೇ ಕೇಳು ಎಂದು ಹೇಳಿ ಬಂದೆ. ಅಷ್ಟರಲ್ಲಿ ಏನು ಸಾಲದು ಎಂದು ಅವಳಿಗೇ ತಿಳಿಯಬೇಕಿತ್ತು. "ದನಿ ಸಾಕು ಅಂಕಲ್, ತುಂಬಿಕೊಂಡಿಲ್ಲ," ಎಂದಳು ಮುಂದಿನ ಸಲ ಸಿಕ್ಕಾಗ. ದೊಡ್ಡ ಆಂಪ್ಲಿಫೈಯರಿನ ಮಾತು ಅವಳೇ ಬಿಟ್ಟಿದ್ದಳು.

ಹದಿನೈದು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಟ್ಟಿನ ಎಲ್ಲ ಭಾಗಗಳಲ್ಲಿ ಅತಿ ಹೆಚ್ಚು ವಿಕೃತಿ ಮಾಡುವುದೂ, ಒಂದು ಇನ್ನೊಂದಕ್ಕಿಂತ ಅತಿ ಹೆಚ್ಚು ಬೇರೆಯಾಗಿ ಕೇಳುವುದೂ ಸ್ಪೀಕರೇ. ವಿದ್ಯುತ್ತನ್ನು ಗಾಳಿಯ ಅಲುಗಾಟವಾಗಿ ಮಾಡುವ ಕೆಲಸ ಸುಲಭದ್ದಲ್ಲ. ಇವತ್ತಿನ ಆಂಪ್ಲಿಫೈಯರ್ ಚಿಪ್ಪುಗಳು ಬಹಳ ಅಗ್ಗವಾಗಿ, ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ; ಕ್ಲಾಸ್ ಡಿ ಎನ್ನುವ ಬಗೆಯವು ಅಂಗೈಯಷ್ಟಿದ್ದರೂ ಹೆಚ್ಚು ಬಿಸಿಯಾಗದೆ ಮೂವತ್ತು ವ್ಯಾಟ್ ಕೊಡುತ್ತವೆ. ಆದರೆ ಅಗ್ಗದ ಸ್ಪೀಕರ್ ಅಗ್ಗದ ಸ್ಪೀಕರಾಗಿಯೇ ಇರುತ್ತದೆ. ಹಾಗಾಗಿ ಅವಳಿಗೆ ನಾನು ಹುಡುಕು ಎಂದದ್ದು ಬುಕ್‌ಶೆಲ್ಫ್ ಬಗೆಯ ಒಂದು ಜೊತೆ: ತಗ್ಗಿನ ಸ್ವರಗಳಿಗೆ ಐದು ಅಂಗುಲ ಅಥವಾ ಅದಕ್ಕಿಂತ ತುಸು ದೊಡ್ಡ ವೂಫರ್, ಅದರ ಮೇಲೆ ಏರುಸ್ವರಗಳಿಗೆ ಒಂದು ಟ್ವೀಟರ್, ಗಟ್ಟಿಯಾದ ಪೆಟ್ಟಿಗೆ. ಐದು ಅಂಗುಲದ ವೂಫರ್ 60 ಹರ್ಟ್ಜ್ ಆಸುಪಾಸಿನವರೆಗೆ ತಕ್ಕಮಟ್ಟಿಗೆ ಇಳಿಯುತ್ತದೆ. ಕಂಠ ಪೂರ್ತಿಯಾಗಿ ಒಂದೇ ಪೆಟ್ಟಿಗೆಯಿಂದ ಬರುತ್ತದೆ, ತಂಬೂರಿಯ ಖರ್ಜವೂ ಸಿಗುತ್ತದೆ. ಅದಕ್ಕೂ ಕೆಳಗಿನದನ್ನು ಕಿವಿ ಒಂದು ಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಮೂಲ ಸ್ವರ ಇಲ್ಲದಿದ್ದರೂ ಅದರ ಮೇಲಿನ ಅನುಸ್ವರಗಳು ಸರಿಯಾಗಿದ್ದರೆ ನಮಗೆ ಮೂಲವೇ ಕೇಳಿದಂತಾಗುತ್ತದೆ. ಚಿಕ್ಕ ಟ್ರಾನ್ಸಿಸ್ಟರಿನಲ್ಲಿ ನೀವು ನನ್ನ ದನಿಯನ್ನು ಗಂಡಸಿನದೆಂದು ಗುರುತಿಸುವುದೂ ಹೀಗೆಯೇ.

ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರುಗಳೂ ಸಿಗುತ್ತವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಹಾಸ್ಟೆಲಿನ ಮೇಜಿನ ಮೇಲೆ ಇಡುವವರಿಗೆ ನಾನೂ ಅವನ್ನೇ ಹೇಳುತ್ತೇನೆ. ಮನೆಯಲ್ಲಿ ಹತ್ತು ವರ್ಷ ಬಾಳಿಸಬೇಕೆನ್ನುವವರಿಗೆ ಬೇರೆ ಬೇರೆಯಾಗಿ ಕೊಳ್ಳುವುದೇ ಮೇಲು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ.

ಹೊಸದು ಕೈಗೆಟುಕದಿದ್ದರೆ ಹಳೆಯದನ್ನು ಧೈರ್ಯವಾಗಿ ನೋಡಬಹುದು, ನೋಡುವುದು ಗೊತ್ತಿದ್ದರೆ. ಮುಂದಿನ ಬಟ್ಟೆಯ ಜಾಲರಿ ತೆಗೆಸಿ. ವೂಫರಿನ ಹಾಳೆಯ ಸುತ್ತ ಒಂದು ಮೆತ್ತನೆಯ ಅಂಚು ಇರುತ್ತದೆ. ಅದು ರಬ್ಬರಿನದಾದರೆ ದೀರ್ಘಕಾಲ ಬಾಳುತ್ತದೆ. ಫೋಮಿನದಾದರೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಉದುರುತ್ತದೆ. ಮಂಗಳೂರು ಉಡುಪಿ ಕಡೆಯ ಮನೆಗಳಲ್ಲಿ ಎಂಬತ್ತರ ದಶಕದಲ್ಲಿ ಗಲ್ಫಿನಿಂದ ತಂದ ಎಷ್ಟೋ ಒಳ್ಳೆಯ ಸ್ಟೀರಿಯೋ ಸೆಟ್ಟುಗಳಿವೆ. ಕರಾವಳಿಯ ತೇವಕ್ಕೆ ಅವುಗಳ ಫೋಮು ಬೇಗ ಕರಗುತ್ತದೆ. ಪೆಟ್ಟಿಗೆ, ಆಯಸ್ಕಾಂತ, ಟ್ವೀಟರ್ ಸರಿಯಿದ್ದರೆ ಅಂಚನ್ನು ಹೊಸದಾಗಿ ಕಟ್ಟಿಸಿಕೊಳ್ಳಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿದರೆ ಬಿಡಿಭಾಗಗಳೂ ಕೆಲಸದವರೂ ಸಿಗುತ್ತಾರೆ. ಹಾಳೆಯನ್ನು ಎರಡೂ ಕಡೆ ಬೆರಳಿಟ್ಟು ಸಮವಾಗಿ, ಹಗುರವಾಗಿ ಒತ್ತಿ ನೋಡಿ. ಸರಸರ ಎಂದು ಉಜ್ಜಿದ ಸದ್ದು ಬಂದರೆ ಒಳಗಿನ ಸುರುಳಿ ತಾಗುತ್ತಿದೆ, ಅದನ್ನು ಬಿಟ್ಟುಬಿಡಿ. ಅಮೆರಿಕದಿಂದ ಬಂದ ಸೆಟ್ಟಾದರೆ ಹಿಂದಿನ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230.

ಅಂಗಡಿಯಲ್ಲಿ ಎರಡು ಜೊತೆ ಹೋಲಿಸುವಾಗ ಒಂದು ಮಾತು ನೆನಪಿರಲಿ. ತುಸು ಜೋರಾಗಿ ಹಾಡಿದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ, ಎಂಥ ಅನುಭವಿಯ ಕಿವಿಯಾದರೂ ಸರಿ. ಎರಡರ ದನಿಯನ್ನೂ ಸಮ ಮಾಡಿಸಿ ಆಮೇಲೆ ಕೇಳಿ. ಅಂಗಡಿಯವರ ಹಾಡು ಬೇಡ, ನಿಮ್ಮದೇ ಒಯ್ಯಿರಿ. ಆ ಹುಡುಗಿ ಅಜ್ಜಿಯ ವೀಣೆಯ ರೆಕಾರ್ಡನ್ನು ಒಯ್ದಿದ್ದಳು. ವೀಣೆಗೆ ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು. ಒಂದು ಜೊತೆ ಸ್ಪೀಕರಿನಲ್ಲಿ ತಾಳದ ತಂತಿಗಳು ಮುಖ್ಯ ತಂತಿಯ ನಾದದೊಳಗೇ ಹೂತುಹೋಗಿದ್ದವು. ಇನ್ನೊಂದರಲ್ಲಿ ಕಿರುಬೆರಳು ತಾಳದ ತಂತಿಗಳನ್ನು ಮೀಟಿದಾಗಲೆಲ್ಲ ಬೇರೆಯಾಗಿ, ಸ್ಪಷ್ಟವಾಗಿ ಕೇಳಿತು. ಗಮಕದ ಬಾಲ ಆರಿಹೋಗುವವರೆಗೂ ಹಿಂಬಾಲಿಸಬಹುದಿತ್ತು. ಆ ಎರಡನೆಯ ಜೊತೆ ನೋಡಲು ಏನೂ ಚೆಂದವಿರಲಿಲ್ಲ, ಯಾರೋ ಬಳಸಿ ಕೊಟ್ಟದ್ದು, ಪಕ್ಕದಲ್ಲಿ ಗೀರು ಬೇರೆ. ಅದನ್ನೇ ತಂದಳು. ಎಂಟು ಸಾವಿರ.

ಆಂಪ್ಲಿಫೈಯರ್ ಕೊಳ್ಳುವಾಗ ಓಮು ನೋಡಲೇಬೇಕು. ಆಂಪ್ಲಿಫೈಯರನ್ನು ಟ್ಯಾಂಕು ಎಂದುಕೊಂಡರೆ ಸ್ಪೀಕರಿನ ಓಮು ನಲ್ಲಿಯ ಬಾಯಿಯ ಹಾಗೆ. ಎಂಟು ಓಮಿನದು ಕಿರಿದಾದ ಬಾಯಿ, ನಾಲ್ಕು ಓಮಿನದು ಅದಕ್ಕಿಂತ ಅಗಲ. ಅಗಲವಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ. ಕನಿಷ್ಠ ನಾಲ್ಕು ಓಮು ಎಂದು ಬರೆದ ಆಂಪ್ಲಿಫೈಯರಿಗೆ ನಾಲ್ಕು ಓಮಿನ ಎರಡು ಜೊತೆ ಸ್ಪೀಕರುಗಳನ್ನು ಒಟ್ಟಿಗೆ ಕಟ್ಟಿ ಎರಡು ಓಮಿಗೆ ಇಳಿಸಿದರೆ ಅದು ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ಸುಡುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ, ದೊಡ್ಡ ಆಂಪ್ಲಿಫೈಯರ್ ಸ್ಪೀಕರನ್ನು ಸುಡುತ್ತದೆ, ಚಿಕ್ಕದು ಸುಡುವುದಿಲ್ಲ ಎಂಬುದು. ಚಿಕ್ಕ ಆಂಪ್ಲಿಫೈಯರನ್ನು ಕೊನೆಯವರೆಗೂ ತಿರುಗಿಸಿ, ದನಿ ಒಡೆದು ಕರಕರ ಎನ್ನುವಾಗಲೂ ಹಾಗೇ ಬಿಟ್ಟರೆ ಅಲೆಯ ತಲೆ ಕತ್ತರಿಸಿಹೋಗಿ ಚೂಪಾದ ಅಂಚುಗಳು ಹುಟ್ಟುತ್ತವೆ. ಅದರ ಶಕ್ತಿಯೆಲ್ಲ ಟ್ವೀಟರಿಗೆ ನುಗ್ಗುತ್ತದೆ. ಮದುವೆ ಮನೆಗಳಲ್ಲಿ, ಹಬ್ಬದ ಪೆಂಡಾಲುಗಳಲ್ಲಿ ಟ್ವೀಟರುಗಳು ಸಾಯುವುದು ಹೆಚ್ಚಾಗಿ ಹೀಗೆ. ದನಿ ಒಡೆಯಿತೆಂದರೆ ಗುಂಡಿ ಹಿಂದಕ್ಕೆ ತಿರುಗಿಸಬೇಕು, ಅಷ್ಟೇ.

ತಂತಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೀಟರಿಗೆ ಸಾವಿರಗಟ್ಟಲೆ ಬೆಲೆಯ ತಂತಿಗಳಿವೆ. ಎಳೆಯರು ಅವುಗಳ ಹತ್ತಿರವೂ ಸುಳಿಯಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿ ತನ್ನಿ. ಮೂರು ಮೀಟರ್ ದೂರಕ್ಕೆ ಹೋಗಿ ಬರುವ ಒಟ್ಟು ಆರು ಮೀಟರಿಗೆ ಅದರ ತಡೆ ಓಮಿನ ನೂರರಲ್ಲಿ ಏಳು ಪಾಲು. ಎಂಟು ಓಮಿನ ಮುಂದೆ ಶೇಕಡ ಒಂದೂ ಇಲ್ಲ. ತುದಿಯ ಎಳೆಗಳನ್ನು ಹೊಸೆದು, ಒಂದು ಎಳೆಯೂ ಪಕ್ಕದ ಕೊಂಡಿಗೆ ತಾಗದಂತೆ ಸಿಕ್ಕಿಸಿ. ಕೆಂಪು ಯಾವುದು ಕಪ್ಪು ಯಾವುದು ಎಂದು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ಎರಡು ಕೊಂಡಿಗೆ ಕ್ಷಣಮಾತ್ರ ತಾಗಿಸಿ. ಹಾಳೆ ಮುಂದೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ಕೊಂಡಿಯೇ ಕೆಂಪು.

ಆಂಪ್ಲಿಫೈಯರಿಗೆ ನಾಲ್ಕು ಸಾವಿರ, ತಂತಿಗೆ ಮುನ್ನೂರು. ಉಳಿದದ್ದರಲ್ಲಿ ಸ್ಪೀಕರ್ ಸ್ಟ್ಯಾಂಡು ಕೊಳ್ಳುತ್ತೇನೆ ಎಂದಳು. ಅವಳು ಕೂರುವುದು ಕುರ್ಚಿಯ ಮೇಲಲ್ಲ, ನೆಲದ ಮೇಲೆ, ಹಾಸಿಗೆಗೆ ಒರಗಿ. ಅಂಗಡಿಯ ಸ್ಟ್ಯಾಂಡುಗಳೆಲ್ಲ ಸೋಫಾದಲ್ಲಿ ಕೂರುವವರ ಕಿವಿಯ ಎತ್ತರಕ್ಕೆ ಮಾಡಿದವು. ಟ್ವೀಟರು ಕಿವಿಯ ಮಟ್ಟದಲ್ಲಿರಬೇಕು. ನೆಲದ ಮೇಲೆ ಕೂತವರ ಕಿವಿ ಎರಡು ಕಾಲು, ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಮನೆ ಕಟ್ಟುವ ಸಿಮೆಂಟಿನ ಹಾಲೋ ಬ್ಲಾಕ್ ಒಂದನ್ನು ನೆಟ್ಟಗೆ ನಿಲ್ಲಿಸಿದರೆ ಹದಿನಾರು ಅಂಗುಲ. ಅದರ ಮೇಲೆ ಸ್ಪೀಕರ್ ಇಟ್ಟರೆ ಟ್ವೀಟರು ಸರಿಯಾಗಿ ಅಲ್ಲಿಗೆ ಬರುತ್ತದೆ. ಎರಡು ಬ್ಲಾಕು, ಮೇಲೆ ಕೆಳಗೆ ಹಳೆಯ ರಬ್ಬರ್ ಚಾಪೆಯ ತುಂಡು, ಸುತ್ತ ಅಜ್ಜಿಯ ಹಳೆಯ ಸೀರೆಯ ಬಟ್ಟೆ. ಭಾರವಾಗಿದೆ, ಅಲುಗುವುದಿಲ್ಲ, ಪುಟ್ಟ ಮಕ್ಕಳು ಓಡಾಡುವ ಮನೆಯಾದರೆ ಮಾತ್ರ ಗೋಡೆಗೆ ಕಟ್ಟಬೇಕು.

ಹಾಡು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹೊಸದಾಗಿ ಏನೂ ಬೇಕಿರಲಿಲ್ಲ. ಫೋನು ಸಾಕು. ಆ್ಯಪಿನ ಸೆಟ್ಟಿಂಗಿಗೆ ಹೋಗಿ ಗುಣಮಟ್ಟವನ್ನು ಮೇಲಿನದಕ್ಕೆ ಬದಲಿಸಿದೆವು. ಡೇಟಾ ಉಳಿಸಲೆಂದು ಎಷ್ಟೋ ಫೋನುಗಳಲ್ಲಿ ಅದು ಕೆಳಮಟ್ಟದಲ್ಲೇ ಕೂತಿರುತ್ತದೆ. ಬ್ಲೂಟೂತಿನಲ್ಲಿ ಹಾಡು ಇನ್ನೊಮ್ಮೆ ಹಿಂಡಿಸಿಕೊಂಡು ಬರುವುದರಿಂದ, ಮನಸ್ಸಿಟ್ಟು ಕೇಳುವಾಗ ತಂತಿಯೇ ಇರಲಿ. ಅದರಾಚೆಗೆ ರೆಕಾರ್ಡಿಂಗೇ ಮುಖ್ಯ. ಯಾರದೋ ಸವೆದ ಕ್ಯಾಸೆಟ್ಟಿನಿಂದ ನಕಲಾದ ಕಚೇರಿ ಒಳ್ಳೆಯ ಸ್ಪೀಕರಿನಲ್ಲಿ ಇನ್ನಷ್ಟು ಸವೆದಂತೆ ಕೇಳುತ್ತದೆ. ಆಗ ಸೆಟ್ಟನ್ನು ಬೈಯಬಾರದು, ಅದೇ ಕಚೇರಿಯ ಉತ್ತಮ ಪ್ರತಿ ಎಲ್ಲಿದೆ ಎಂದು ಹುಡುಕಬೇಕು.

ಸಬ್‌ವೂಫರ್ ಬೇಕೇ ಎಂದು ಈಗ ಕೇಳುತ್ತಿದ್ದಾಳೆ. 'ಪ್ರೇಮಲೋಕ'ದ ತಾಳಕ್ಕೆ ಇನ್ನಷ್ಟು ಗುದ್ದು ಬೇಕಂತೆ. ಒಂದು ವರ್ಷ ತಡೆ ಎಂದಿದ್ದೇನೆ. ಅವಳ ಕೋಣೆಯ ಒಂದು ಗೋಡೆ ಪಕ್ಕದ ಮನೆಯದೂ ಹೌದು. ಮೇಲಿನ ಸ್ವರಗಳನ್ನು ಗೋಡೆ ತಡೆಯುತ್ತದೆ, ತಗ್ಗಿನವನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಶಬ್ದ ಮಾಲಿನ್ಯದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಎಂದಿದೆ. ನಿಯಮದ ಮಾತು ಬಿಟ್ಟರೂ ಪಕ್ಕದ ಮನೆಯಲ್ಲಿ ಕೂಸು ಮಲಗಿರುತ್ತದೆ. ರಾತ್ರಿ ದನಿ ತಗ್ಗಿಸಿದರೆ ಹಾಡೇ ಸಪ್ಪೆಯಾಗುತ್ತದಲ್ಲ ಎಂದಳು. ಅದು ನಿಜ, ಅದಕ್ಕೆ ಕಾರಣ ಸ್ಪೀಕರಲ್ಲ, ನಮ್ಮ ಕಿವಿ. ದನಿ ಇಳಿದಂತೆ ಕಿವಿ ತಗ್ಗಿನ ಸ್ವರಗಳನ್ನು ಮಿಕ್ಕವಕ್ಕಿಂತ ಬೇಗ ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಳೆಯ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿ ಇರುತ್ತಿದ್ದದ್ದು ಇದಕ್ಕೇ. ಅವಳದರಲ್ಲಿ ಬಾಸ್ ಗುಂಡಿ ಇದೆ. ರಾತ್ರಿ ದನಿ ಇಳಿಸಿದಾಗ ಅದನ್ನು ಎರಡು ಗೆರೆ ಏರಿಸಿಕೊಳ್ಳಲಿ. ಬೆಳಿಗ್ಗೆ ಮತ್ತೆ ದನಿ ಏರಿಸುವ ಮೊದಲು ನಡುಗೆರೆಗೆ ತರಲಿ.